ಟ್ರ್ಯಾಕ್ಟರ್ ಏರಿದ ಫಿರಂಗಿ

ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಎಂದರೆ ಉಳುಮೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಸಣ್ಣ ಟ್ರ್ಯಾಕ್ಟರೊಂದು ಫಿರಂಗಿಯನ್ನೇ ಹೊತ್ತು ಓಡಾಡಿತು.

1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿತು. ಶತ್ರು ಟ್ಯಾಂಕುಗಳನ್ನು ತಡೆಯಲು ಬೇಗ ಜಾಗ ಬದಲಿಸಬಲ್ಲ ಫಿರಂಗಿಗಳು ಬೇಕಿದ್ದವು. ಹೊಸ ವಾಹನ ರೂಪಿಸಲು ಸಮಯವಿರಲಿಲ್ಲ. ಗೋರ್ಕಿ ನಗರದ 92ನೇ ಕಾರ್ಖಾನೆಯವರು, ಫಿರಂಗಿ ಎಳೆಯಲೆಂದೇ ಇದ್ದ ‘ಕೊಮ್ಸೊಮೊಲೆಟ್ಸ್’ ಎಂಬ ಚೈನ್ ಟ್ರ್ಯಾಕ್ಟರಿನ ಮೇಲೆ 57 ಮಿ.ಮೀ. ಫಿರಂಗಿಯನ್ನು ಕೂರಿಸಿದರು. ಅದೇ ಜಿಸ್-30.

ಎಂಜಿನಿಯರಿಂಗ್ ಓದಿದ ನನಗೆ ಅದರ ಮಿತಿಯೇ ದೊಡ್ಡ ಪಾಠವೆನಿಸುತ್ತದೆ. ಫಿರಂಗಿ ಬಲವಾದದ್ದು, ಗಾಡಿ ಹಗುರ, ಎಂಜಿನ್ ಕೇವಲ 50 ಅಶ್ವಶಕ್ತಿಯದು. ಗುಂಡು ಮುಂದಕ್ಕೆ ಹಾರಿದರೆ ಗಾಡಿ ಹಿಂದಕ್ಕೆ ಜಗ್ಗುತ್ತಿತ್ತು. ನಾವು ತರಗತಿಯಲ್ಲಿ ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೇ ನಿಯಮವದು. ಅದಕ್ಕಾಗಿ ಹಿಂಬದಿಗೆ ಮಡಚುವ ಆಸರೆಗಳನ್ನು ಕೊಟ್ಟರು.

ಸುಮಾರು 100 ತಯಾರಾಗುವಷ್ಟರಲ್ಲಿ ಕೆಲಸ ನಿಂತಿತು. ಹೊಸ ಟ್ರ್ಯಾಕ್ಟರುಗಳ ತಯಾರಿಕೆ ಆಗಲೇ ನಿಂತಿದ್ದರಿಂದ ಸೇನೆಯಲ್ಲಿದ್ದವನ್ನೇ ಹಿಂದಕ್ಕೆ ಪಡೆಯಬೇಕಿತ್ತು. ಒಂದು ಫಿರಂಗಿಗೆ ಕಾಲು ಬಂದರೆ, ಇನ್ನೊಂದಕ್ಕೆ ಎಳೆಯುವವರಿಲ್ಲ! ಆದರೂ ಮಾಸ್ಕೋ ರಕ್ಷಣೆಯ ಕಷ್ಟದ ದಿನಗಳಲ್ಲಿ ಇವು ಹೋರಾಡಿದವು.

ಇದ್ದುದರಲ್ಲೇ ದಾರಿ ಹುಡುಕುವುದು ಜಾಣತನ. ಅದಕ್ಕಾಗಿ ಎಲ್ಲಿಂದ ಏನನ್ನು ಕಿತ್ತುಕೊಂಡೆವು ಎಂಬ ಲೆಕ್ಕವೂ ನಮಗಿರಬೇಕು.