ತಲೆಪೆಟ್ಟಿಗೆ ಸ್ಟೆರಾಯ್ಡ್: ಒಂದು ನಂಬಿಕೆಯ ಚರಿತ್ರೆ

1961ರಲ್ಲಿ ಅಮೆರಿಕದ ಮಿನ್ನೆಸೋಟಾದ ವೈದ್ಯರಾದ ಗ್ಯಾಲಿಸಿಚ್ ಮತ್ತು ಫ್ರೆಂಚ್ ಮೆದುಳಿನ ಗಡ್ಡೆಯ ರೋಗಿಗಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ಆಗುವ ಲಾಭವನ್ನು ವರದಿ ಮಾಡಿದರು. ಗಡ್ಡೆಯ ಸುತ್ತಲಿನ ಊತ ಇಳಿದು, ಮಂಕಾಗಿ ಮಲಗಿದ್ದವರು ಬೇಗನೆ ಚೇತರಿಸಿಕೊಳ್ಳುತ್ತಿದ್ದರು. ಅಲ್ಲಿ ಈ ಮದ್ದು ಇಂದಿಗೂ ಸಲ್ಲುತ್ತದೆ. ತಲೆಗೆ ಪೆಟ್ಟು ಬಿದ್ದಾಗಲೂ ಮೆದುಳು ಊದಿಕೊಳ್ಳುತ್ತದಲ್ಲ, ಅದಕ್ಕೂ ಇದನ್ನೇ ಕೊಟ್ಟರಾಯಿತು ಎಂದು ವೈದ್ಯರಿಗೆ ಅನ್ನಿಸಿದ್ದು ಸಹಜವೇ.

ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಮೆದುಳು ಊದಿದರೆ ಒತ್ತಡ ಏರಿ ರಕ್ತ ಹರಿಯುವುದೇ ಕಷ್ಟವಾಗುತ್ತದೆ. ಆ ಊತದಲ್ಲಿ ಉರಿಯೂತದ ಕೈವಾಡವೂ ಇರುತ್ತದೆ. ಉರಿಯೂತವನ್ನು ರಕ್ತದಲ್ಲಿ ಪತ್ತೆ ಹಚ್ಚುವ ದಾರಿ ಅದಾಗಲೇ ತೆರೆದಿತ್ತು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ವಸ್ತುವೇ ಈಗ ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಬರುವ ಸಿಆರ್‌ಪಿ. ಅದನ್ನು ತಯಾರಿಸುವಂತೆ ಯಕೃತ್ತಿಗೆ ಅಪ್ಪಣೆ ಕೊಡುವ ಇಂಟರ್‌ಲ್ಯೂಕಿನ್-6ರ ಜೀನನ್ನು ಜಪಾನಿನ ಹಿರಾನೊ, ಕಿಶಿಮೊಟೊ ತಂಡ 1986ರಲ್ಲಿ ಬಿಡಿಸಿ ತೋರಿಸಿತು. ತೀವ್ರ ತಲೆಪೆಟ್ಟಿನವರಲ್ಲಿ ಇವೆರಡೂ ಏರುವುದು ಮುಂದೆ ಅಧ್ಯಯನಗಳಲ್ಲಿ ಕಂಡುಬಂತು.

ಏರಿದ ಈ ಉರಿಯೂತವನ್ನು ಸ್ಟೆರಾಯ್ಡ್ ಕೊಟ್ಟು ಇಳಿಸಿದರೆ ರೋಗಿ ಉಳಿಯುತ್ತಾನೆಯೇ?

ದಶಕಗಳ ಕಾಲ ನಡೆದ ಸಣ್ಣಪುಟ್ಟ ಪ್ರಯೋಗಗಳು ಇದಕ್ಕೆ ಅತ್ತ ಹೌದೆನ್ನಲಿಲ್ಲ, ಇತ್ತ ಇಲ್ಲವೆನ್ನಲಿಲ್ಲ. 1997ರಲ್ಲಿ ಆಲ್ಡರ್‌ಸನ್ ಮತ್ತು ಇಯಾನ್ ರಾಬರ್ಟ್ಸ್ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಉತ್ತರ ಸಿಗಲಿಲ್ಲ. ಆದರೂ ಆಸ್ಪತ್ರೆಗಳಲ್ಲಿ ಸ್ಟೆರಾಯ್ಡ್ ಡ್ರಿಪ್ ನಿಲ್ಲಲಿಲ್ಲ. ಕೊನೆಗೆ ಲಂಡನ್ನಿನಿಂದ ‘ಕ್ರ್ಯಾಶ್’ ಎಂಬ ಬೃಹತ್ ಪ್ರಯೋಗ ಹೊರಟಿತು. ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಕೊಟ್ಟ ಪ್ರಜ್ಞೆಯ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಂತು: 15ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಅಂಕದ, ಪೆಟ್ಟು ಬಿದ್ದು 8 ಗಂಟೆ ಮೀರದ ವಯಸ್ಕರನ್ನು ಆರಿಸಿ, ಅರ್ಧದಷ್ಟು ಜನಕ್ಕೆ 48 ಗಂಟೆ ಮೀಥೈಲ್‌ಪ್ರೆಡ್ನಿಸೊಲೋನ್, ಉಳಿದವರಿಗೆ ಹುಸಿಮದ್ದು. ಗುರಿ 20,000 ರೋಗಿಗಳು. 10,008 ಆಗುವಷ್ಟರಲ್ಲಿ, 2004ರಲ್ಲಿ, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು.

ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ 1,052 ಮಂದಿ ಸತ್ತಿದ್ದರು, ಹುಸಿಮದ್ದಿನವರಲ್ಲಿ 893. ಅಂದರೆ ಶೇ. 21.1 ಮತ್ತು 17.9. ಪೆಟ್ಟು ಸಣ್ಣದೋ ದೊಡ್ಡದೋ, ಹಾನಿಯ ದಿಕ್ಕು ಒಂದೇ ಆಗಿತ್ತು. ಇಷ್ಟು ವರ್ಷ ಒಳ್ಳೆಯದೆಂದೇ ಕೊಟ್ಟ ಮದ್ದಿನಿಂದ ಎಷ್ಟು ಜೀವ ಹೋದವೋ, ಲೆಕ್ಕ ಇಟ್ಟವರಾರು?

ಉರಿಯೂತದ ಗುರುತಾಗಿ ಸಿಆರ್‌ಪಿಗೆ ಇದ್ದ ಬೆಲೆ ಇದರಿಂದ ಬಿದ್ದುಹೋಗಲಿಲ್ಲ. ಅದು ಹೆಚ್ಚಿದ್ದವರ ಸ್ಥಿತಿ ಸಾಮಾನ್ಯವಾಗಿ ಹದಗೆಟ್ಟಿರುತ್ತದೆ ಎನ್ನುವ ಅಧ್ಯಯನಗಳು ಹಲವಿವೆ. ಆದರೆ ಅಪಘಾತದಲ್ಲಿ ಕಾಲು ಮುರಿದಿದ್ದರೂ, ವೆಂಟಿಲೇಟರಿನಲ್ಲಿದ್ದಾಗ ಶ್ವಾಸಕೋಶಕ್ಕೆ ಸೋಂಕು ತಗುಲಿದರೂ ಅದು ಏರುತ್ತದೆ. ಅದೊಂದನ್ನೇ ನೋಡಿ ಮನೆಯವರಿಗೆ ರೋಗಿಯ ಭವಿಷ್ಯ ಹೇಳುವಂತಿಲ್ಲ. ಸ್ಟೆರಾಯ್ಡ್ ವಿಷಯದಲ್ಲಿ ಮಾತ್ರ ಗೊಂದಲ ಉಳಿದಿಲ್ಲ: ತೀವ್ರ ತಲೆಪೆಟ್ಟಿಗೆ ಹೆಚ್ಚಿನ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಡಬಾರದು ಎಂಬುದು ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್ನಿನ ಮಾರ್ಗಸೂಚಿಯಲ್ಲಿಯೇ ಇದೆ.