ಮೂರು ತಮಿಳು ಹೆಸರುಗಳ ಇಂಗ್ಲಿಷ್ ಪಯಣ

ತಮಿಳು ಸಾಹಿತ್ಯವೆಂದರೆ ಹೊರಜಗತ್ತಿಗೆ ಬಹುಕಾಲ ಸಂಗಂ ಕಾವ್ಯವೇ ಆಗಿತ್ತು. ಅದಕ್ಕೆ ಕಾರಣರಾದವರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರೂ ಒಬ್ಬರು. ಪ್ರಾಚೀನ ತಮಿಳು ಕವಿತೆಗಳ ಅವರ ಅನುವಾದ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ 1967ರಲ್ಲಿ ಹೊರಬಂದಿತು. ಕನ್ನಡದಿಂದ ಅವರು ‘ಸಂಸ್ಕಾರ’ದಂತಹ ಹೊಸ ಕಾದಂಬರಿಯನ್ನು ಆರಿಸಿಕೊಂಡರು, ತಮಿಳಿನಿಂದ ಅವರಿಗೆ ಕೀರ್ತಿ ತಂದದ್ದು ಹಳೆಯ ಕಾವ್ಯ. ಪುದುಮೈಪಿತ್ತನ್ 1948ರಲ್ಲಿ ತೀರಿಕೊಂಡು ದಶಕಗಳೇ ಕಳೆದರೂ ಹೊಸ ತಮಿಳು ಗದ್ಯ ಇಂಗ್ಲಿಷಿನಲ್ಲಿ ವಿರಳವಾಗಿಯೇ ಉಳಿದಿತ್ತು.

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದವರು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಲಕ್ಷ್ಮೀ ಹೋಮ್‌ಸ್ಟ್ರೋಮ್ (1935–2016). ಮೌನಿ, ಪುದುಮೈಪಿತ್ತನ್, ಅಶೋಕಮಿತ್ರನ್, ಅಂಬೈ ಇವರೆಲ್ಲರನ್ನೂ ಅವರು ಅನುವಾದಿಸಿದರು. ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು ಬಾಮಾ ಅವರ ‘ಕರುಕ್ಕು’ವಿನಲ್ಲಿ ಎಂದು ನನ್ನ ಎಣಿಕೆ.

ಬಾಮಾ ದಲಿತ ಕ್ರೈಸ್ತ ಕುಟುಂಬದವರು. ಸನ್ಯಾಸಿನಿಯಾಗಿದ್ದು ಮಠವನ್ನು ತೊರೆದು ಬಂದು ಬರೆದ ಆತ್ಮಕಥನವಿದು. ತಮಿಳಿನಲ್ಲಿ 1992ರಲ್ಲಿ, ಇಂಗ್ಲಿಷಿನಲ್ಲಿ 2000ದಲ್ಲಿ ಪ್ರಕಟವಾಯಿತು. ಕರುಕ್ಕು ಎಂದರೆ ತಾಳೆಗರಿಯ ದೇಟಿನ ಅಂಚಿನಲ್ಲಿರುವ ಗರಗಸದಂತಹ ಹಲ್ಲು. ಸೌದೆ ಆಯುವಾಗ ಚರ್ಮವನ್ನು ಸೀಳುವ ಆ ಅಂಚು ಬಾಮಾರಿಗೆ ಬೈಬಲ್ಲಿನ ಇಬ್ಬಾಯಿ ಕತ್ತಿಯನ್ನೂ ನೆನಪಿಸುತ್ತದೆ. ‘ಕರು’ ಎಂಬಲ್ಲಿ ಬೀಜ, ಭ್ರೂಣ ಎಂಬ ಅರ್ಥವೂ ಇದೆ. ಇಷ್ಟನ್ನೂ ಹೊರುವ ಇಂಗ್ಲಿಷ್ ಪದವೆಲ್ಲಿದೆ? ಹೋಮ್‌ಸ್ಟ್ರೋಮ್ ಹೆಸರನ್ನು ಹಾಗೆಯೇ ಬಿಟ್ಟರು. ಹೆಸರನ್ನು ಬಿಡಬಹುದು, ಭಾಷೆಯನ್ನು ಬಿಡಲಾದೀತೆ? ಪಾತ್ರಗಳ ಸಂಭಾಷಣೆಯಷ್ಟೇ ಅಲ್ಲ, ಇಡೀ ನಿರೂಪಣೆಯೇ ಕೇರಿಯ ಆಡುಮಾತಿನಲ್ಲಿದೆ; ವ್ಯಾಕರಣ, ಕಾಗುಣಿತಗಳನ್ನು ಲೇಖಕಿ ಬೇಕೆಂದೇ ಮುರಿದಿದ್ದಾರೆ. ಮಕ್ಕಳ ಆಡುಮಾತನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಲೇ ವೃತ್ತಿ ಕಳೆದ ನನಗೆ ಇದು ತುಸು ಮುಜುಗರದ ಸಂಗತಿ. ಇಂಗ್ಲಿಷಿನಲ್ಲಿ ಆ ಒರಟುತನ ಬಹಳಷ್ಟು ನಯವಾಗಿದೆ, ನಷ್ಟ ಸಣ್ಣದಲ್ಲ. ಆದರೂ ತಮಿಳು ಬಾರದ ಸಾವಿರಾರು ವಿದ್ಯಾರ್ಥಿಗಳು ದಲಿತ ಹೆಣ್ಣೊಬ್ಬಳ ಮಾತನ್ನು ಮೊದಲು ಕೇಳಿದ್ದು ಈ ಅನುವಾದದ ಮೂಲಕವೇ.

ಪೆರುಮಾಳ್ ಮುರುಗನ್ನರ ‘ಮಾದೊರುಬಾಗನ್’ (2010) ಕಾದಂಬರಿಯದು ಬೇರೆಯೇ ಕಥೆ. ಅದು ತಿರುಚೆಂಗೋಡಿನ ಅರ್ಧನಾರೀಶ್ವರನ ಹೆಸರು. ಮಕ್ಕಳಿಲ್ಲದ ದಂಪತಿ ಕಾಳಿ ಮತ್ತು ಪೊನ್ನಾ. ರಥೋತ್ಸವದ ಒಂದು ಇರುಳು ಅಪರಿಚಿತನನ್ನು ದೇವರೆಂದು ಬಗೆದು ಕೂಡುವ ಅವಕಾಶ ಅವಳ ಮುಂದಿದೆ. ಅನಿರುದ್ಧನ್ ವಾಸುದೇವನ್ ಇದನ್ನು ‘ಒನ್ ಪಾರ್ಟ್ ವುಮನ್’ ಎಂದು ಅನುವಾದಿಸಿದರು. ಅರ್ಥವೇನೋ ಸರಿಯೇ, ಆದರೆ ದೇವರ ಹೆಸರು ಹೋಗಿ ವರ್ಣನೆಯಷ್ಟೇ ಉಳಿಯಿತು. ತಮಿಳಿನಲ್ಲಿ ನಾಲ್ಕು ವರ್ಷ ಗದ್ದಲವಿಲ್ಲದೆ ಇದ್ದ ಪುಸ್ತಕ, ಇಂಗ್ಲಿಷಿಗೆ ಬಂದ ಮೇಲೆ, 2014ರ ಡಿಸೆಂಬರಿನಲ್ಲಿ ಬೀದಿಯಲ್ಲಿ ಸುಡಲ್ಪಟ್ಟಿತು. ಮರುತಿಂಗಳು ಮುರುಗನ್ ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿ ಲೇಖನಿಯನ್ನು ಕೆಳಗಿಟ್ಟರು.

2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಅನಂತರ ಅವರು ಮರಳಿ ಬಂದದ್ದು ಆ ಮೌನದ ದಿನಗಳ ಕವಿತೆಗಳೊಂದಿಗೆ: ‘ಕೋಳೈಯಿನ್ ಪಾಡಲ್‌ಗಳ್’, ಎಂದರೆ ಹೇಡಿಯ ಹಾಡುಗಳು. ಅದನ್ನೂ ಅನಿರುದ್ಧನ್ ವಾಸುದೇವನ್ ಅವರೇ ಇಂಗ್ಲಿಷಿಗೆ ತಂದರು: ‘ಸಾಂಗ್ಸ್ ಆಫ್ ಎ ಕವರ್ಡ್’. ಈ ಬಾರಿ ಹೆಸರು ಪದಕ್ಕೆ ಪದವಾಗಿ ಹೊಂದಿಕೊಂಡಿತು.