ಅಸಿಸಿ: ಬೆಟ್ಟದ ಮೇಲಣ ಪಟ್ಟಣ

ಪ್ರಭು ಯೇಸು ತಮ್ಮ ಪರ್ವತ ಪ್ರಸಂಗದಲ್ಲಿ ಬೆಟ್ಟದ ಮೇಲಣ ಪಟ್ಟಣವನ್ನು ಉಪಮಾನವಾಗಿ ಎತ್ತಿಕೊಂಡದ್ದನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಉಪಮಾನವನ್ನು ಕಣ್ಣಾರೆ ಕಂಡಂತಹ ಅನುಭವ ನಮಗಾದದ್ದು ಇಟಲಿ ದೇಶದ ಉಂಬ್ರಿಯಾ ಪ್ರಾಂತ್ಯದಲ್ಲಿರುವ ಅಸಿಸಿಯಲ್ಲಿ. ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಎಂಟು ಶತಮಾನಗಳಿಂದ ‘ದೇವರ ಮನೆ ಎಂದರೇನು?’ ಎಂಬ ಪ್ರಶ್ನೆಯನ್ನು ಎದುರಿಸುತ್ತ ಬಂದಿರುವ ಆ ಊರಿನ ಚರಿತ್ರೆಯನ್ನು ಸ್ಮರಿಸುವುದು ಉಚಿತವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ರೋಮಿನಿಂದ ಉತ್ತರಕ್ಕೆ ಹೋಗುವ ರೈಲು ಯಾತ್ರಿಕನನ್ನು ಬಯಲಿನಲ್ಲಿಯೇ ಇಳಿಸುತ್ತದೆ. ಅಲ್ಲಿಂದ ತಲೆಯೆತ್ತಿ ನೋಡಿದರೆ ಸುಬಾಸಿಯೊ ಪರ್ವತದ ಮಗ್ಗುಲಲ್ಲಿ ಉದ್ದಕ್ಕೆ ಹಬ್ಬಿದ ಪಟ್ಟಣ, ಅದರ ನೆತ್ತಿಯ ಮೇಲೆ ಹಳೆಯ ಕೋಟೆ, ಪಶ್ಚಿಮದ ಅಂಚಿನಲ್ಲಿ ಭಾರಿ ಕಮಾನುಗಳ ಆಧಾರದ ಮೇಲೆ ನಿಂತ ಸಂತ ಫ್ರಾನ್ಸಿಸರ ಮಹಾದೇವಾಲಯ. ಆ ಬೆಟ್ಟದ ಕಲ್ಲು ಬಿಳುಪು ಮತ್ತು ನಸುಗೆಂಪು. ಮನೆ, ಮಠ, ಗೋಡೆ ಎಲ್ಲವೂ ಅದೇ ಕಲ್ಲಿನವು. ಸಂಜೆಯ ಬಿಸಿಲಿನಲ್ಲಿ ಊರಿಗೆ ಊರೇ ಕೆಂಪೇರುತ್ತದೆ. ನಡುಚೌಕದಲ್ಲಿ ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ಗುಡಿಯೊಂದರ ಆರು ಕಂಬಗಳು ಇಂದಿಗೂ ನೆಟ್ಟಗೆ ನಿಂತಿವೆ. ಮಿನರ್ವಾ ದೇವತೆಯದೆಂದು ಹೆಸರಾದ ಆ ಗುಡಿಯನ್ನು 1539ರಲ್ಲಿ ಮಾತೆ ಮರಿಯಮ್ಮನವರ ದೇವಾಲಯವಾಗಿ ಮಾರ್ಪಡಿಸಲಾಯಿತು.

ಈ ಓಣಿಗಳಲ್ಲಿಯೇ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೋನೆಯ ಮಗ ಫ್ರಾನ್ಸಿಸ್ ಬೆಳೆದದ್ದು. 1202ರಲ್ಲಿ ನೆರೆಯ ಪೆರೂಜಿಯದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕು, ಸುಮಾರು ಒಂದು ವರ್ಷ ಬಂದೀಖಾನೆಯಲ್ಲಿ ಕಳೆದ ಯುವಕ ಬೇರೆಯೇ ಮನುಷ್ಯನಾಗತೊಡಗಿದನು. ಊರ ಹೊರಗಣ ಸಂತ ದಾಮಿಯಾನೊ ಎಂಬ ಪಾಳುಬಿದ್ದ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗ, ಕುಸಿಯುತ್ತಿರುವ ತನ್ನ ಮನೆಯನ್ನು ದುರಸ್ತಿ ಮಾಡುವಂತೆ ಶಿಲುಬೆಯಿಂದ ಪ್ರಭು ಅಪ್ಪಣೆ ಕೊಟ್ಟರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಫ್ರಾನ್ಸಿಸ್ ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ತಂದೆಯ ಅಂಗಡಿಯ ಬಟ್ಟೆಯನ್ನೂ ಕುದುರೆಯನ್ನೂ ಮಾರಿ ಹಣ ತಂದರು. ತಂದೆ ಸಿಟ್ಟಾದಾಗ ಧರ್ಮಾಧ್ಯಕ್ಷರ ಮುಂದೆ ಮೈಮೇಲಿನ ಉಡುಪನ್ನೂ ಕಳಚಿ ಒಪ್ಪಿಸಿದರು. ಬಳಿಕ ಕಲ್ಲು ಬೇಡಿ ತಂದು ತಮ್ಮ ಕೈಯಿಂದಲೇ ಗೋಡೆ ಕಟ್ಟಿದರು. ದುರಸ್ತಿಯಾಗಬೇಕಾದದ್ದು ಗುಡಿಯ ಗೋಡೆ ಮಾತ್ರವಲ್ಲ, ಧರ್ಮಸಭೆಯೇ ಎಂಬುದು ಅವರಿಗೆ ಹೊಳೆದದ್ದು ಆಮೇಲೆ. ಆ ಶಿಲುಬೆಯನ್ನು ಇಂದು ಸಂತ ಕ್ಲಾರಾ ಅವರ ದೇವಾಲಯದಲ್ಲಿ ಕಾಣಬಹುದು. ಕ್ರಿಸ್ಮಸ್ ಕಾಲದಲ್ಲಿ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುವಾಗಲೂ ನಾವು ಈ ಸಂತರನ್ನು ನೆನೆಯಬೇಕು. 1223ರಲ್ಲಿ ಗ್ರೆಚ್ಚೊ ಎಂಬಲ್ಲಿ ಅವರು ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಆಚರಿಸಿದ ಹಬ್ಬವೇ ಆ ಪದ್ಧತಿಯನ್ನು ಜನಪ್ರಿಯಗೊಳಿಸಿತು.

1226ರ ಅಕ್ಟೋಬರ್ 3ರ ಸಂಜೆ, ಬೆಟ್ಟದ ಕೆಳಗಿನ ಪೊರ್ತ್ಸಿಯುಂಕೊಲಾ ಎಂಬ ಪುಟ್ಟ ಗುಡಿಯ ಬಳಿ, ಬರಿ ನೆಲದ ಮೇಲೆ ಮಲಗಿ ಸಂತರು ಪ್ರಾಣಬಿಟ್ಟರು. ಎರಡೇ ವರ್ಷಗಳಲ್ಲಿ, 1228ರ ಜುಲೈ 16ರಂದು, ಜಗದ್ಗುರು 9ನೇ ಗ್ರೆಗೊರಿಯವರು ಅವರನ್ನು ಸಂತರೆಂದು ಸಾರಿ, ಮರುದಿನವೇ ಮಹಾದೇವಾಲಯಕ್ಕೆ ಅಸ್ತಿವಾರದ ಕಲ್ಲನ್ನಿರಿಸಿದರು. ಅಪರಾಧಿಗಳನ್ನು ಕೊಲ್ಲುತ್ತಿದ್ದ ನರಕದ ಗುಡ್ಡವೆಂಬ ಜಾಗವೇ ಅಂದಿನಿಂದ ಸ್ವರ್ಗದ ಗುಡ್ಡವೆನಿಸಿತೆಂದು ಪ್ರತೀತಿ. ಒಂದರ ಮೇಲೊಂದರಂತೆ ಎರಡು ದೇವಾಲಯಗಳು ಎದ್ದವು. ಚಿಮಬೂಯೆ ಮೊದಲಾದ ಮಹಾ ಕಲಾವಿದರು ಅವುಗಳ ಗೋಡೆಗಳನ್ನು ಚಿತ್ರಗಳಿಂದ ತುಂಬಿದರು. ಮೇಲಿನ ದೇವಾಲಯದಲ್ಲಿ ಸಂತರ ಬಾಳನ್ನು ಹೇಳುವ 28 ಚಿತ್ರಗಳಿವೆ. ಓದು ಬಾರದ ಭಕ್ತರಿಗೆ ಅವು ಗೋಡೆಯ ಮೇಲಿನ ಗ್ರಂಥವೇ ಆಗಿದ್ದವು.

ಆದರೆ ಒಂದು ಕಾಸನ್ನೂ ಮುಟ್ಟದ ಬಡವನಿಗೆ ಇಂಥ ಅರಮನೆಯೇ? ಈ ಪ್ರಶ್ನೆ ನಮ್ಮದಲ್ಲ, ಸಂತರ ಆಪ್ತಶಿಷ್ಯರದೇ. ಕಟ್ಟಡದ ಹೊಣೆ ಹೊತ್ತ ಸೋದರ ಎಲಿಯಾಸರು ಕಾಣಿಕೆಗಾಗಿ ಇರಿಸಿದ್ದ ಅಮೃತಶಿಲೆಯ ಪಾತ್ರೆಯನ್ನು, ಸಂತರ ಗುಟ್ಟನ್ನೆಲ್ಲ ಬಲ್ಲ ಸೋದರ ಲಿಯೊ ಒಡೆದುಹಾಕಿದರೆಂದೂ, ಅದಕ್ಕಾಗಿ ಏಟು ತಿಂದರೆಂದೂ ಸಭೆಯ ಹಳೆಯ ಕಥೆಗಳು ಹೇಳುತ್ತವೆ. ನಾವು ಮೆಟ್ಟಿಲಿಳಿದು ನೆಲಮನೆಗೆ ಹೋದಾಗ ಕಂಡದ್ದು ಇದು: ಕಬ್ಬಿಣದ ಪಟ್ಟಿ ಬಿಗಿದ ಒರಟು ಕಲ್ಲಿನ ಪೆಟ್ಟಿಗೆಯಲ್ಲಿ ಸಂತರು, ಸುತ್ತಲಿನ ಗೋಡೆಯಲ್ಲಿ ನಾಲ್ವರು ಸಂಗಡಿಗರು, ಅವರಲ್ಲೊಬ್ಬರು ಆ ಲಿಯೊ! ಪಾತ್ರೆಯೊಡೆದವರೂ ಅದೇ ದೇವಾಲಯದಲ್ಲಿಯೇ ವಿಶ್ರಮಿಸುತ್ತಿದ್ದಾರೆ. ಕಳವಿನ ಭಯದಿಂದ ಗುಟ್ಟಾಗಿ ಹೂಳಿದ್ದ ಸಂತರ ಸಮಾಧಿ ಮತ್ತೆ ಸಿಕ್ಕಿದ್ದು 1818ರಲ್ಲಿ. ಮೇಲಿನ ವೈಭವವೆಲ್ಲ ಆ ಬರಿಯ ಕಲ್ಲಿನ ಮುಂದೆ ಮೌನವಾಗುತ್ತದೆ.

1943ರ ಶರತ್ಕಾಲದಲ್ಲಿ ಇಟಲಿಯನ್ನು ಜರ್ಮನ್ ಸೈನ್ಯ ಹಿಡಿದಾಗ ಈ ಕಲ್ಲಿನ ಗೋಡೆಗಳಿಗೆ ನಿಜವಾದ ಪರೀಕ್ಷೆ ಬಂದಿತು. ಪ್ರಾಣಭಯದಿಂದ ಓಡಿಬಂದ ಯೆಹೂದ್ಯರಿಗೆ ಆಶ್ರಯ ಕೊಡುವಂತೆ ಧರ್ಮಾಧ್ಯಕ್ಷ ಜುಸೆಪ್ಪೆ ಪ್ಲಾಚಿದೊ ನಿಕೊಲಿನಿಯವರು ಗುರು ಅಲ್ದೊ ಬ್ರುನಾಚಿಯವರಿಗೆ ಗುಟ್ಟಾಗಿ ಅಪ್ಪಣೆಯಿತ್ತರು. ಹೊರಗಿನವರು ಕಾಲಿಡದ ಕನ್ಯಾಮಠಗಳ ಕದಗಳು ತೆರೆದುವು. ಫ್ರಾನ್ಸಿಸ್ಕನ್ ಸನ್ಯಾಸಿ ರುಫೀನೊ ನಿಕ್ಕಾಚಿಯವರು ಊರೂರಿಗೆ ಓಡಾಡಿದರು. ಲುಯಿಜಿ ಬ್ರಿಜಿ ಎಂಬ ಮುದ್ರಕರು ತಮ್ಮ ಮಗ ತ್ರೆಂತೊನೊಡನೆ ಸುಳ್ಳು ಹೆಸರಿನ ಗುರುತು ಚೀಟಿಗಳನ್ನು ಅಚ್ಚುಹಾಕಿದರು. ಆಗಲೇ ಮಿತ್ರಸೈನ್ಯದ ವಶವಾಗಿದ್ದ ದಕ್ಷಿಣದ ಊರುಗಳ ವಿಳಾಸ ಕೊಟ್ಟದ್ದರಿಂದ ಜರ್ಮನರು ಅವನ್ನು ತಾಳೆನೋಡುವಂತಿರಲಿಲ್ಲ. ಬ್ರುನಾಚಿಯವರು 1944ರ ಮೇ ತಿಂಗಳಲ್ಲಿ ಸೆರೆಯಾದರು. ಆದರೂ ಗುಟ್ಟು ಬಯಲಾಗಲಿಲ್ಲ. ಜೂನ್‌ನಲ್ಲಿ ಪಟ್ಟಣ ಬಿಡುಗಡೆಯಾಗುವವರೆಗೆ ಸುಮಾರು 300 ಮಂದಿ ಅಲ್ಲಿ ಉಳಿದು ಬದುಕಿದರು. ಲಿಯೊ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಪಂಡಿತನೂ ಕೊಟ್ಟಿಲ್ಲ.

1997ರ ಸೆಪ್ಟೆಂಬರ್ 26ರಂದು ಭೂಮಿ ಎರಡು ಬಾರಿ ನಡುಗಿತು. ರಾತ್ರಿಯ ಕಂಪನದ ಹಾನಿಯನ್ನು ಪರೀಕ್ಷಿಸುತ್ತಿದ್ದಾಗ, ಮಧ್ಯಾಹ್ನಕ್ಕೆ ಮುಂಚೆ ಮೇಲಿನ ದೇವಾಲಯದ ಚಾವಣಿ ಕುಸಿದು ನಾಲ್ವರು ಮಡಿದರು. ಸಾವಿರಾರು ಚೂರುಗಳನ್ನು ಆರಿಸಿ, ಚಿತ್ರಗಳನ್ನು ಮರಳಿ ಜೋಡಿಸಿ, 1999ರ ನವೆಂಬರಿನಲ್ಲಿ ದೇವಾಲಯವನ್ನು ತೆರೆದರು. ಆಗಲೂ ಸುತ್ತಲಿನ ಹಳ್ಳಿಗಳ ಅನೇಕ ಕುಟುಂಬಗಳು ತಗಡಿನ ತಾತ್ಕಾಲಿಕ ವಸತಿಗಳಲ್ಲಿಯೇ ಇದ್ದವು. ಮೊದಲು ಎದ್ದು ನಿಲ್ಲಬೇಕಾದದ್ದು ಯಾವ ಮನೆ ಎಂಬ ಹಳೆಯ ಪ್ರಶ್ನೆ ಹೀಗೆ ಮತ್ತೆ ಕೇಳಿಬಂದಿತು. ಅದು ಕೇಳಿಬರುತ್ತಿರುವುದೇ ಒಳ್ಳೆಯದು. ಆ ಪ್ರಶ್ನೆ ಅಡಗಿದ ದಿನ ಅಸಿಸಿ ಬರಿಯ ಪ್ರೇಕ್ಷಣೀಯ ಸ್ಥಳವಾದೀತು.

ಪ್ರಿಯ ಭಕ್ತಾದಿಗಳೇ, ದೇವಾಲಯವನ್ನು ಕಟ್ಟಿದ ಹಿರಿಯರಿಗೆ ನಾವು ಋಣಿಗಳು. ಗೋಡೆಗೆ ಸುಣ್ಣ ಬಳಿಸಿ, ಗಂಟೆಯನ್ನು ತೊಳೆಯಿಸಿ ಹಬ್ಬ ಮಾಡುವುದು ನ್ಯಾಯವೇ. ಆದರೆ ದುರಸ್ತಿಯೆಂಬುದು ಒಂದು ಹಬ್ಬಕ್ಕೆ ಮುಗಿಯುವ ಕೆಲಸವಲ್ಲವೆಂದು ಆ ಬೆಟ್ಟದ ಸಂತರು ಕಲಿಸುತ್ತಾರೆ. ರಾತ್ರಿವೇಳೆ ಕದ ತಟ್ಟುವವನಿಗೆ ತೆರೆಯುವ ಮನೆಯೇ ದೇವರ ಮನೆ. ನಮ್ಮ ಮಕ್ಕಳು ಇನ್ನೂರನೆಯ ವರ್ಷವನ್ನು ಆಚರಿಸುವಾಗ ನಮ್ಮ ಕದ ತೆರೆದೇ ಇತ್ತೆಂದು ನೆನೆಯುವಂತಾಗಲಿ.